ಎರಡು ಮಣಿ ಹೆಚ್ಚು

ಜನವರಿ 9

ಅಕ್ಕಾ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಒಡೆಯದೆ ನಿನ್ನ ಕನ್ನಡಕದ ಅಂಗಡಿಯ ಡ್ರಾಯರಿಗೆ ಹಾಕಿಬಿಡುತ್ತೀಯೇನೋ ಎಂಬ ಅಳುಕಿನಲ್ಲೇ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೇ ಜಗಳಕ್ಕೆ ನಿಲ್ಲುತ್ತೇವೆ. ಕಾಗದದಲ್ಲಾದರೆ ನೀನು ಬೈಯುವ ಹೊತ್ತಿಗೆ ನನ್ನ ಮಾತು ಪೂರ್ತಿ ಆಗಿರುತ್ತದೆ.

ಆರೇಳು ತಿಂಗಳ ಹಿಂದೆ ಸೋದರಮಾವನನ್ನು ನೋಡಲು ಹೋಗಿದ್ದೆ. ಅವರೀಗ ಆರೈಕೆ ಮನೆಯಲ್ಲಿದ್ದಾರೆ. ಕಿಟಕಿ ಪಕ್ಕದ ಮಂಚ. ನನ್ನ ಗುರುತು ಹತ್ತಲಿಲ್ಲ, ಆದರೆ ನಗುತ್ತಾ ಕೈ ಕುಲುಕಿದರು. ನಾನು ಹಿಗ್ಗಿದ್ದು ನೋಡಿ ಅತ್ತೆ, "ಖುಷಿಪಡಬೇಡಪ್ಪ, ಬಾಗಿಲ ಹಿಡಿಕೇನೂ ಹಿಂಗೇ ಕುಲುಕ್ತಾರೆ" ಅಂದರು. ಅತ್ತೆ ಇನ್ನೂ ಹಾಗೇ ಇದ್ದಾರೆ, ನಗಿಸಿ ಆಮೇಲೆ ಕಣ್ಣೊರೆಸಿಕೊಳ್ಳುವವರು.

ಅವರ ಒಪ್ಪಿಗೆ ತೆಗೆದುಕೊಂಡು ಮಾವನ ರಕ್ತವನ್ನು ಪರೀಕ್ಷೆಗೆ ಕೊಟ್ಟಿದ್ದೆವು. ಫಲಿತಾಂಶ ಬಂದಿದೆ. ಅಜ್ಜನಿಗೆ ಬುದ್ಧಿ ಕೆಟ್ಟಿತ್ತು ಅಂತ ಜನ ಹೇಳುತ್ತಿದ್ದದ್ದು, ಅಮ್ಮನಿಗೆ ನಲವತ್ತೇಳಕ್ಕೇ ಮರೆವು ಶುರುವಾದದ್ದು, ಈಗ ಮಾವನದ್ದು, ಮೂರೂ ಒಂದೇ. ಅಲ್ಜೈಮರ್ ಕಾಯಿಲೆ ಹೆಚ್ಚಿನವರಿಗೆ ಮುಪ್ಪಿನಲ್ಲಿ ಬರುತ್ತದೆ, ಹೀಗೆ ನೇರವಾಗಿ ವಂಶದಲ್ಲಿ ಇಳಿಯುವುದಿಲ್ಲ. ನಮ್ಮದು ಅಪರೂಪದ ಮನೆತನ. ಮೆದುಳಿನಲ್ಲಿ ಪ್ರೋಟೀನನ್ನು ಕತ್ತರಿಸುವ ಒಂದು ಕಿಣ್ವವಿದೆ. ಅದನ್ನು ತಯಾರಿಸುವ ಜೀನಿನ ಬರಹದಲ್ಲಿ ನಮ್ಮವರಿಗೆ ಒಂದಕ್ಷರ ತಪ್ಪಿದೆ. ತಾಯಿಗೋ ತಂದೆಗೋ ಆ ತಪ್ಪಿದ್ದರೆ, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ಯಾವ ಅಕ್ಷರ ಅಂತ ಗೊತ್ತಾಗಿರುವುದರಿಂದ ಈಗ ಯಾರು ಬೇಕಾದರೂ ಪರೀಕ್ಷೆ ಮಾಡಿಸಿಕೊಳ್ಳಬಹುದು. ನಿಮ್ಮೂರಿನ ದೊಡ್ಡ ಆಸ್ಪತ್ರೆಯಲ್ಲೂ ಮಾಡುತ್ತಾರೆ. ಮೊದಲು ಕೂರಿಸಿಕೊಂಡು ಮಾತಾಡುತ್ತಾರೆ, ಬಲವಂತವಿಲ್ಲ. ಬೇಕೋ ಬೇಡವೋ ನೀನೇ ಯೋಚಿಸು. ಗೊತ್ತಿದ್ದೂ ಹೇಳದೆ ಇರುವುದು ನನ್ನಿಂದಾಗಲಿಲ್ಲ, ಅಷ್ಟೇ.

ಭಾವನಿಗೆ ನಮಸ್ಕಾರ ಹೇಳು.

ನಿನ್ನ ತಮ್ಮ


ಜನವರಿ 27

ತಮ್ಮಾ,

ಡ್ರಾಯರಿಗೆ ಹಾಕಿದ್ದು ನಿಜ. ನಾಲ್ಕು ದಿನ ಅಲ್ಲೇ ಇತ್ತು. ಐದನೇ ದಿನ ಸ್ಕ್ರೂ ಹುಡುಕುವಾಗ ಪುಟ್ಟಿ ಕೈಗೆ ಸಿಕ್ಕಿ, "ಮಾಮನ ಕಾಗದ! ಇನ್ನೂ ಒಡೆದೇ ಇಲ್ವಲ್ಲಮ್ಮ!" ಅಂತ ಅಂಗಡಿಯಲ್ಲಿದ್ದ ಗಿರಾಕಿಗಳ ಎದುರೇ ಕೂಗಿದಳು. ಅವಳು ಮದುವೆಯಾಗಿ ಎರಡು ಬೀದಿ ಆಚೆ ಇದ್ದಾಳೆ, ಆದರೂ ದಿನಾ ಅಂಗಡಿಗೆ ಬಂದು ಲೆಕ್ಕಕ್ಕಿಂತ ಮಾತೇ ಜಾಸ್ತಿ ಮಾಡುತ್ತಾಳೆ. ನಾನು ಓದುವ ಮೊದಲೇ ಅರ್ಧ ಅವಳು ಓದಿಬಿಟ್ಟಳು. ಹಾಗಾಗಿ ನಿನ್ನ ಸುದ್ದಿ ಈಗ ನನ್ನೊಬ್ಬಳದ್ದಲ್ಲ. ಥ್ಯಾಂಕ್ಸು.

ಹನ್ನೊಂದು ವರ್ಷ. ಅಮ್ಮ ಹೋಗಿ ಅಷ್ಟಾಯಿತು. ಅವಳ ಕಾರ್ಯಕ್ಕೆ ಬಂದು ಎರಡು ದಿನ ಅತಿಥಿ ಹಾಗೆ ಕೂತು ಹೋದವನು. ಆಮೇಲೆ ಪುಟ್ಟಿ ಮದುವೆಗೆ ನಾಲ್ಕು ಸಾಲಿನ ಶುಭಾಶಯ. ಈಗ ಎರಡು ಪುಟದ ಪತ್ರ, ಅದರಲ್ಲೂ ಅರ್ಧಕ್ಕರ್ಧ ಅಂತ ಒಂದು ಬಾಂಬು. ಬಹಳ ದೊಡ್ಡ ಮನಸ್ಸಪ್ಪ ನಿನ್ನದು.

ನಾನು ಪರೀಕ್ಷೆ ಮಾಡಿಸಲ್ಲ. ಗೊತ್ತಾಗಿ ಏನು ಮಾಡಲಿ? ಔಷಧಿ ಇದೆಯಾ? ಇಲ್ಲ ತಾನೇ? ಅಮ್ಮ ಹೇಗೆ ಹೋದಳು ಅನ್ನೋದು ನಿನಗೆ ಪರೀಕ್ಷೆಯ ಕಾಗದದಿಂದ ಗೊತ್ತು, ನನಗೆ ಕೈಯಿಂದ ಗೊತ್ತು. ಹನ್ನೊಂದು ವರ್ಷ ತಲೆ ಬಾಚಿದ್ದೇನೆ. ಬಾಚಣಿಗೆ ನೋಡಿದರೆ ಬಾಯಿಗಿಟ್ಟುಕೊಳ್ಳುತ್ತಿದ್ದಳು, ಅದಕ್ಕೆ ಬೆರಳಲ್ಲೇ ಬಾಚುತ್ತಿದ್ದೆ. ಅದು ನನಗೂ ಬರುತ್ತೆ ಅಂತ ಈಗಲೇ ತಿಳಿದುಕೊಂಡು, ದಿನಾ ಬೆಳಿಗ್ಗೆ ಎದ್ದು ನನ್ನ ಬಾಚಣಿಗೆ ನೋಡುತ್ತಾ ಕೂರಲಾ?

ಈ ಕಿಣ್ವ ಅಂದರೇನು, ಕತ್ತರಿಸೋದು ಅಂದರೇನು, ಅದನ್ನು ಮಾತ್ರ ಬರಿ. ನಿನ್ನ ದೊಡ್ಡ ದೊಡ್ಡ ಪದ ಬೇಡ. ಪುಟ್ಟಿ ಕೇಳಿದರೆ ಹೇಳೋದಕ್ಕಾದರೂ ಬೇಕು. ದಿನಕ್ಕೆ ಮೂರು ಸಲ ಕೇಳುತ್ತಿದ್ದಾಳೆ.

ಅಕ್ಕ


ಫೆಬ್ರವರಿ 11

ಅಕ್ಕಾ,

ಬೈದರೂ ಬರೆದೆಯಲ್ಲ, ಸಾಕು.

ಮೆದುಳಿನ ಪ್ರತಿ ಕೋಶಕ್ಕೂ ತೆಳ್ಳನೆಯ ಗೋಡೆಯಿದೆ. ಆ ಗೋಡೆಗೆ ಚುಚ್ಚಿದ ಹಾಗೆ ಒಂದು ಉದ್ದನೆಯ ಪ್ರೋಟೀನ್ ನಿಂತಿರುತ್ತದೆ. ಮಣಿಸರ ಅಂದುಕೋ, ಬಹುಪಾಲು ಗೋಡೆಯ ಆಚೆ, ಸ್ವಲ್ಪ ಈಚೆ. ಹಳತಾದದ್ದನ್ನು ತುಂಡು ಮಾಡಿ ವಿಲೇವಾರಿ ಮಾಡಬೇಕಲ್ಲ, ಅದಕ್ಕೆ ಕಿಣ್ವಗಳಿವೆ. ಅವು ಒಂದು ಥರದ ಕತ್ತರಿಗಳು. ಒಂದು ಕತ್ತರಿ ಗೋಡೆಯ ಹೊರಗೆ ಕತ್ತರಿಸುತ್ತದೆ. ಇನ್ನೊಂದು ಗೋಡೆಯ ಒಳಗೇ ಕೂತು ಕತ್ತರಿಸುತ್ತದೆ. ಎರಡು ಕಡಿತದ ನಡುವಿನ ತುಂಡು ಉದುರಿ ಬೀಳುತ್ತದೆ. ಸಾಮಾನ್ಯವಾಗಿ ಅದರಲ್ಲಿ ನಲವತ್ತು ಮಣಿ. ಅದು ತೊಳೆದು ಹೋಗುತ್ತದೆ, ತಕರಾರಿಲ್ಲ.

ಆದರೆ ಎರಡನೇ ಕತ್ತರಿ ಆಗಾಗ ಸ್ವಲ್ಪ ಆಚೆ ಕತ್ತರಿಸುತ್ತದೆ. ಆಗ ನಲವತ್ತೆರಡು ಮಣಿ. ಆ ಎರಡು ಹೆಚ್ಚಿನ ಮಣಿ ಜಿಗುಟು. ಇಂಥ ತುಂಡುಗಳು ಒಂದಕ್ಕೊಂದು ಅಂಟಿ, ಗಂಟಾಗಿ, ವರ್ಷಗಟ್ಟಲೆ ಕೂಡಿಕೊಳ್ಳುತ್ತವೆ. ಸುತ್ತಲ ಕೋಶಗಳು ಸೊರಗುತ್ತವೆ. ಎಲ್ಲರಲ್ಲೂ ಸ್ವಲ್ಪ ಇಂಥದ್ದು ಆಗುತ್ತದೆ. ನಮ್ಮವರಲ್ಲಿ ಆ ಎರಡನೇ ಕತ್ತರಿಯೇ ಹುಟ್ಟಿನಿಂದ ಸೊಟ್ಟ. ಉದ್ದನೆಯ ತುಂಡಿನ ಪಾಲು ಹೆಚ್ಚು. ಅದಕ್ಕೇ ಎಪ್ಪತ್ತೈದಕ್ಕೆ ಬರಬಹುದಾದದ್ದು ನಲವತ್ತೇಳಕ್ಕೇ ಬರುತ್ತದೆ.

ಹಾಗಾದರೆ ಆ ಕತ್ತರಿಯನ್ನೇ ಕಟ್ಟಿಹಾಕಬಾರದೇ ಅಂತ ನೀನು ಕೇಳುತ್ತೀಯ. ಹಿಂದೆ ಹಾಗೆ ಮಾಡಿ ನೋಡಿದ್ದಾರೆ. ಕಾಯಿಲೆಯವರಿಗೆ ಗುಣವಾಗುವುದಿರಲಿ, ಇನ್ನಷ್ಟು ಕೆಟ್ಟಿತು. ಯಾಕೆಂದರೆ ಅದೇ ಕತ್ತರಿ ದೇಹದಲ್ಲಿ ಬೇರೆ ಎಷ್ಟೋ ಪ್ರೋಟೀನುಗಳನ್ನೂ ಕತ್ತರಿಸಬೇಕು. ಅದು ನಿಂತರೆ ಚರ್ಮದಿಂದ ಹಿಡಿದು ಎಲ್ಲಾ ಕೆಲಸವೂ ಕೆಡುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದ ಹಾಗೆ. ಈಗ ನಮ್ಮಂಥವರು ಹುಡುಕುತ್ತಿರುವುದು ಕತ್ತರಿಯನ್ನು ನಿಲ್ಲಿಸದೆ, ಅದರ ಮೊಣಕೈಯನ್ನು ಒಂಚೂರು ಈಚೆ ತಟ್ಟುವ ಔಷಧಿ. ಕತ್ತರಿಸಲಿ, ಆದರೆ ಗಿಡ್ಡಗೆ ಕತ್ತರಿಸಲಿ.

ಇಲ್ಲಿ ನನ್ನ ಕೆಲಸ ದೊಡ್ಡದೇನಲ್ಲ. ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಅವು ಉದುರಿಸಿದ ತುಂಡುಗಳನ್ನು ಅಳೆಯುತ್ತೇನೆ. ಉದ್ದದ್ದು ಎಷ್ಟು, ಗಿಡ್ಡದ್ದು ಎಷ್ಟು. ದಿನವಿಡೀ ಅದೇ. ನಮ್ಮ ಮೇಡಂ ನನ್ನನ್ನು 'ಮಣಿಗಾರ' ಅನ್ನುತ್ತಾರೆ.

ಪುಟ್ಟಿಗೆ ಇಷ್ಟು ಸಾಕಾಗಬಹುದು.

ನಿನ್ನ ತಮ್ಮ


ಮಾರ್ಚ್ 2

ತಮ್ಮಾ,

ಅರ್ಥವಾಯಿತು. ನಿನ್ನ ಭಾವನಿಗೂ ಓದಿ ಹೇಳಿದೆ. ನೀರು ಸರಬರಾಜು ಕೇಂದ್ರದಲ್ಲಿ ಮೂವತ್ತು ವರ್ಷದಿಂದ ಕವಾಟ ತಿರುಗಿಸುವವರಲ್ಲವಾ, "ಪೂರ್ತಿ ಬಂದ್ ಮಾಡಿದ್ರೆ ಊರೇ ಒಣಗುತ್ತೆ, ಅರ್ಧ ಸುತ್ತು ತಿರುಗಿಸೋನೇ ಜಾಣ" ಅಂದರು. ನನಗೂ ನನ್ನ ಕೆಲಸದಿಂದಲೇ ತಿಳಿಯಿತು. ಕನ್ನಡಕದ ಗಾಜನ್ನು ಕೂದಲೆಳೆಯಷ್ಟು ದೊಡ್ಡದಾಗಿ ಅರೆದರೆ ಫ್ರೇಮಿನಲ್ಲಿ ಕೂರಲ್ಲ. ಕೂರಿಸಲೇಬೇಕು ಅಂತ ಒತ್ತಿದರೆ ಒಂದು ದಿನ ತಾನೇ ಬಿರುಕು ಬಿಡುತ್ತೆ.

ಅಮ್ಮನನ್ನು ಜನ ಏನೆಲ್ಲ ಅಂದರು ಗೊತ್ತಾ ನಿನಗೆ? ಗಂಡ ಸತ್ತ ಕೊರಗು ಅಂದರು. ಮಗಳು ಸರಿಯಾಗಿ ನೋಡಿಕೊಳ್ಳಲ್ಲ ಅಂದರು. ಒಬ್ಬ ಡಾಕ್ಟರು, ಸುಮ್ಮನೆ ಹಟ ಮಾಡ್ತಾರೆ, ಗದರಿಸಿ ಅಂದ. ನಾನು ಗದರಿಸಿದೆ. ಒಂದು ವರ್ಷ ಪೂರ್ತಿ ಗದರಿಸಿದೆ. ಉಪ್ಪಿನ ಡಬ್ಬ ಕೊಡು ಅಂದರೆ ಚಪ್ಪಲಿ ತಂದುಕೊಟ್ಟಳು ಅಂತ ಕಿರುಚಿದೆ. ಗೋಡೆಯೊಳಗೆ ಸೊಟ್ಟ ಕತ್ತರಿ ಕೂತಿದೆ ಅಂತ ಆಗ ಯಾರಾದರೂ ಒಬ್ಬರು ಹೇಳಿದ್ದರೆ ನಾನು ಅಮ್ಮನ ಮೇಲೆ ದನಿ ಎತ್ತುತ್ತಿರಲಿಲ್ಲ. ನಿನ್ನ ಕಾಗದ ಓದಿ ಅದಕ್ಕೇ ಅತ್ತುಬಿಟ್ಟೆ, ಬೇರೇನಕ್ಕೂ ಅಲ್ಲ.

ಇನ್ನೊಂದು ಮಾತು, ಯಾರಿಗೂ ಹೇಳಿಲ್ಲ. ಹೋದ ವಾರ ಒಬ್ಬ ನಿವೃತ್ತ ಮೇಷ್ಟ್ರಿಗೆ ಕನ್ನಡಕ ಕೊಟ್ಟೆ. ಹಾಕಿಕೊಂಡು, "ಏನಮ್ಮಾ, ಬಲಗಡೆಯದು ಎಡಗಡೆಗೆ ಹಾಕಿದೀಯಲ್ಲ" ಅಂದರು. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಆಗಿರಲಿಲ್ಲ. ನಕ್ಕು, ಸರಿಮಾಡಿಕೊಟ್ಟೆ. ಅವರು ಹೋದ ಮೇಲೆ ಆ ವಾರ ಕೊಟ್ಟ ಎಲ್ಲಾ ಕನ್ನಡಕದ ಚೀಟಿಗಳನ್ನೂ ತೆಗೆದು ಒಂದೊಂದಾಗಿ ಮತ್ತೆ ನೋಡಿದೆ. ನನಗೆ ನಲವತ್ತೈದು, ಕಣೋ. ಇನ್ನು ಎರಡೇ ವರ್ಷ, ಅಮ್ಮನ ವಯಸ್ಸಿಗೆ.

ಪುಟ್ಟಿ ಮಗು ಬೇಕು ಅನ್ನುತ್ತಿದ್ದಾಳೆ. ಅವಳು ನನ್ನನ್ನು ಕೇಳಲ್ಲ, ನನ್ನ ಮುಖ ನೋಡುತ್ತಾಳೆ. ಮೊದಲೆಲ್ಲ ಬಾಯಿ ಮುಚ್ಚು ಅಂದರೂ ಮುಚ್ಚುತ್ತಿರಲಿಲ್ಲ, ಈಗ ಹೀಗೆ.

ನಿನ್ನ ಎರಡೂ ಪತ್ರ ಮತ್ತೆ ಓದಿದೆ. ಮಾವನದ್ದು ಬರೆದಿದ್ದೀಯ, ನನ್ನದು ಬರೆದಿದ್ದೀಯ. ನೀನು ಮಾಡಿಸಿಕೊಂಡೆಯಾ?

ಅಕ್ಕ


ಮಾರ್ಚ್ 20

ಅಕ್ಕಾ,

ಎಡಬಲ ಅದಲುಬದಲಾದದ್ದಕ್ಕೆ ಹೆದರಬೇಡ. ಅಮ್ಮ ತಪ್ಪು ಮಾಡಿದಾಗ ಅವಳಿಗದು ತಪ್ಪೆಂದೇ ಗೊತ್ತಾಗುತ್ತಿರಲಿಲ್ಲ. ನಿನಗೆ ಗೊತ್ತಾಯಿತು, ಸರಿಮಾಡಿದೆ, ಮೇಲಿಂದ ವಾರವಿಡೀ ಕೊರಗಿದೆ. ಅದು ಕಾಯಿಲೆಯಲ್ಲ, ಅದು ನೀನು.

ಇಲ್ಲಿ ಕೆಲಸ ಜೋರಾಗಿದೆ. ಈಗ ಒಂದು ಒಳ್ಳೆಯ ವಿಧಾನ ಬಂದಿದೆ. ಮನುಷ್ಯನ ತೋಳಿನಿಂದ ಒಂದು ಚೂರು ಚರ್ಮ ತೆಗೆದು, ಅದರ ಕೋಶಗಳನ್ನು ಮೆದುಳಿನ ಕೋಶಗಳಾಗುವಂತೆ ಮಾಡುತ್ತಾರೆ. ಎರಡು ಮೂರು ತಿಂಗಳು ಹಿಡಿಯುತ್ತದೆ. ದಿನವೂ ಹಳೆಯ ದ್ರವ ತೆಗೆದು ಹೊಸದು ಹಾಕಬೇಕು, ಬೆಚ್ಚಗಿಡಬೇಕು. ಭಾನುವಾರವೂ ಬರುತ್ತೇನೆ. ಸೂಕ್ಷ್ಮದರ್ಶಕದಲ್ಲಿ ಅವು ಬೇರು ಬಿಟ್ಟ ಹಾಗೆ ಎಳೆ ಬಿಡುವುದನ್ನು ನೋಡಬೇಕು ನೀನು. ಒಂದರ ಎಳೆ ಇನ್ನೊಂದನ್ನು ಹುಡುಕಿಕೊಂಡು ಹೋಗುತ್ತದೆ.

ನಮ್ಮ ಕಟ್ಟಡದ ಲಿಫ್ಟ್ ಕೆಟ್ಟು ಹದಿನೈದು ದಿನವಾಯಿತು. ಐದು ಮಹಡಿ ಹತ್ತಿ ಇಳಿದು ನನ್ನ ಹೊಟ್ಟೆ ಕರಗಿದೆ. ಕಿಟಕಿಯಾಚೆಯ ಮರ ಪೂರ್ತಿ ಬೋಳಾಗಿತ್ತು, ಈಗ ಚಿಗುರುತ್ತಿದೆ. ಮೇಡಂ ಹೊಸ ಕಾಫಿ ಯಂತ್ರ ತಂದಿದ್ದಾರೆ. ಅದರಿಂದ ಬರುವುದಕ್ಕೆ ಕಾಫಿ ಎನ್ನಲು ಧೈರ್ಯ ಬೇಕು.

ಪುಟ್ಟಿಗೆ ನನ್ನ ಆಶೀರ್ವಾದ.

ನಿನ್ನ ತಮ್ಮ


ಮಾರ್ಚ್ 31

ತಮ್ಮಾ,

ಲಿಫ್ಟು ಬರೆದೆ, ಮರ ಬರೆದೆ, ಕಾಫಿ ಬರೆದೆ. ಕೇಳಿದ ಒಂದೇ ಒಂದು ಪ್ರಶ್ನೆಗೆ ಉತ್ತರ ಬರೆಯಲಿಲ್ಲ. ಚಿಕ್ಕವನಿದ್ದಾಗಲೂ ಹೀಗೇ. ಏನೋ ಒಡೆದಾಗ ಮಾತ್ರ ನೀನು ಇಷ್ಟು ವಾಚಾಳಿ.

ನಾನು ಇನ್ನೊಂದು ಸಲ ಕೇಳಲ್ಲ. ನೀನು ಹೇಳದೇ ಇದ್ದದ್ದೇ ಹೇಳಿದ ಹಾಗಾಯಿತು.

ಅದಕ್ಕೆ ಈಗ ನಾನು ಒಂದು ವಿಷಯ ಹೇಳುತ್ತೇನೆ. ಅಮ್ಮ ಇದ್ದಾಗ ಹೇಳಬೇಕು ಅಂದುಕೊಂಡೆ, ಸಿಟ್ಟಿನಲ್ಲಿ ಹೇಳಲಿಲ್ಲ. ಹೋದ ಮೇಲೆ ಹೇಳಬಾರದು ಅಂತಲೇ ಇಟ್ಟುಕೊಂಡೆ. ನೀನು ಅಮ್ಮನನ್ನು ನೋಡೋದಕ್ಕೆ ಕೊನೇ ಸಲ ಬಂದಾಗ ಅವಳು ನಿನ್ನನ್ನು ಕಳ್ಳ ಅಂದುಕೊಂಡು ಕೂಗಿ, ಪೊರಕೆಯಲ್ಲಿ... ಇರಲಿ. ನೀನು ಅವತ್ತೇ ಹೊರಟು ಹೋದೆ. ಆರು ವರ್ಷ ಬರಲಿಲ್ಲ. ಅಮ್ಮನಿಗೆ ನಾನು ಅನ್ನೋನೇ ಮರೆತುಹೋಗಿದ್ದೇನೆ, ಬಂದರೇನು ಬಿಟ್ಟರೇನು ಅಂತ ನೀನು ಅತ್ತೆ ಹತ್ತಿರ ಹೇಳಿದ್ದೆಯಂತೆ.

ಮರೆತಿರಲಿಲ್ಲ. ನಾನು ಯಾರು ಅಂತ ಮರೆತಳು. ನನ್ನನ್ನು 'ಕನ್ನಡಕದೋಳು' ಅನ್ನುತ್ತಿದ್ದಳು. ಆದರೆ ದಿನಾ ಸಂಜೆ ಬಾಗಿಲ ಕಡೆ ನೋಡಿ, "ಅವನು ಬಂದನಾ?" ಅಂತ ಕೇಳುತ್ತಿದ್ದಳು. ಮೊದಮೊದಲು ನಾನು "ಇಲ್ಲ, ಬರಲ್ಲ" ಅನ್ನುತ್ತಿದ್ದೆ. ಆಗ ಅವಳು ಊಟ ಬಿಡುತ್ತಿದ್ದಳು. ಆಮೇಲೆ "ಈಗಷ್ಟೇ ಬಂದು ಹೋದ, ನೀನು ಮಲಗಿದ್ದೆ" ಅನ್ನೋದಕ್ಕೆ ಶುರುಮಾಡಿದೆ. "ಸಣ್ಣಗಾಗಿದ್ದಾನಾ?" ಅಂತ ಕೇಳೋಳು. "ಇಲ್ಲ, ದಪ್ಪಗಾಗಿದ್ದಾನೆ" ಅನ್ನುತ್ತಿದ್ದೆ. ಅಷ್ಟು ಕೇಳಿದರೆ ಬಾಯಿ ತೆರೆದು ಊಟ ಮಾಡೋಳು.

ಹೀಗೆ ನೀನು ಆರು ವರ್ಷ ದಿನಾ ಮನೆಗೆ ಬಂದಿದ್ದೀಯ, ನಿನಗೇ ಗೊತ್ತಿಲ್ಲ.

ಅಕ್ಕ


ಏಪ್ರಿಲ್ 18

ಅಕ್ಕಾ,

ನಿನ್ನ ಕಾಗದವನ್ನು ಪ್ರಯೋಗಾಲಯದ ಮೆಟ್ಟಿಲ ಮೇಲೆ, ಮೂರನೇ ಮಹಡಿಯಲ್ಲಿ ಓದಿದೆ. ಅಲ್ಲೇ ಕೂತೆ. ಹತ್ತುವವರು ಇಳಿಯುವವರು ದಾಟಿಕೊಂಡು ಹೋದರು. ಲಿಫ್ಟ್ ಕೆಟ್ಟಿರುವುದರಿಂದ ಯಾರೂ ಏನೂ ಕೇಳಲಿಲ್ಲ, ಸುಸ್ತಾಗಿದ್ದಾನೆ ಅಂದುಕೊಂಡರು.

ಮಾಡಿಸಿಕೊಂಡೆ. ಮಾವನ ಫಲಿತಾಂಶ ಬಂದ ಮಾರನೇ ವಾರವೇ ಕೊಟ್ಟೆ. ನಿನಗೆ ಮೊದಲ ಪತ್ರ ಬರೆಯುವಾಗಲೇ ಉತ್ತರ ನನ್ನ ಜೇಬಿನಲ್ಲಿತ್ತು. ನನಗೆ ಇದೆ, ಅಕ್ಕಾ. ಅದೇ ಅಕ್ಷರ, ಅದೇ ತಪ್ಪು.

ಹೇಳದಿದ್ದದ್ದಕ್ಕೆ ಕಾರಣ ಒಂದೇ. ಮೊದಲು ನನ್ನದು ಹೇಳಿದ್ದರೆ ನೀನು ನನ್ನ ಮೇಲಿನ ಕರುಣೆಯಿಂದ ಪರೀಕ್ಷೆಗೆ ಹೋಗುತ್ತಿದ್ದೆ, ಅಥವಾ ಅದೇ ಹೆದರಿಕೆಯಿಂದ ಹೋಗದೆ ಉಳಿಯುತ್ತಿದ್ದೆ. ನಿನ್ನ ತೀರ್ಮಾನ ನಿನ್ನದಾಗಿರಲಿ ಅಂದುಕೊಂಡೆ. ಇದು ಅರ್ಧ ನಿಜ. ಇನ್ನರ್ಧ ಏನೆಂದರೆ, ಅಮ್ಮನ ಹತ್ತಿರ ಬರದವನು ಯಾವ ಮುಖ ಹೊತ್ತು ನಿನ್ನ ಹತ್ತಿರ ಇದನ್ನು ಹೇಳಲಿ?

ಅವತ್ತು ಓಡಿಹೋದದ್ದು ಪೊರಕೆಯ ಏಟಿಗಲ್ಲ. ಅಮ್ಮ ಕೂಗಿದಾಗ ಅವಳ ಕಣ್ಣಿನಲ್ಲಿ ನಿಜವಾದ ಭಯವಿತ್ತು. ನನ್ನನ್ನು ನೋಡಿ ಅಮ್ಮ ಹೆದರುತ್ತಾಳೆಂದರೆ ನಾನು ಬರದಿದ್ದರೇ ಅವಳಿಗೆ ನೆಮ್ಮದಿ ಅಂತ ನನಗೆ ನಾನೇ ಹೇಳಿಕೊಂಡೆ. ಅನುಕೂಲವಾದ ಮಾತು, ನಂಬುವುದು ಸುಲಭ. "ಅವನು ಬಂದನಾ" ಅಂತ ಕೇಳುತ್ತಿದ್ದಳು ಅಂತ ಗೊತ್ತಿದ್ದರೆ ಬರುತ್ತಿದ್ದೆನಾ? ಬರುತ್ತಿದ್ದೆ ಎಂದು ಬರೆಯಬೇಕೆನಿಸುತ್ತಿದೆ. ಖಂಡಿತ ಗೊತ್ತಿಲ್ಲ.

ಇಲ್ಲಿ ಶಾಲೆಯಲ್ಲಿ ಸಂಗೀತ ಕಲಿಸುವವಳೊಬ್ಬಳಿದ್ದಳು. ಮದುವೆಯ ಮಾತಾಗಿತ್ತು. ಹೇಳಿದೆ. "ನಾನು ಇರ್ತೀನಿ" ಅಂದಳು. ನಾನೇ ಬೇಡ ಅಂದೆ. ನೀನು ಇದಕ್ಕೂ ಬೈಯುತ್ತೀಯ, ಗೊತ್ತು.

ಮಾರ್ಚಿನಲ್ಲಿ ಚರ್ಮದ ಕೋಶದ ಬಗ್ಗೆ ಬರೆದಿದ್ದೆನಲ್ಲ, ಅದರಲ್ಲಿ ಒಂದು ತಟ್ಟೆ ನನ್ನದು. ನನ್ನದನ್ನು ನಾನೇ ಅಳೆಯಬಾರದು ಅಂತ ಮೇಡಂ ಅದನ್ನು ಬೇರೆಯವರಿಗೆ ಕೊಟ್ಟಿದ್ದಾರೆ. ಸರಿಯಾದ ನಿಯಮವೇ. ಆದರೂ ಬೆಳಿಗ್ಗೆ ಹೋದ ಕೂಡಲೇ ಗಾಜಿನ ಬಾಗಿಲಾಚೆಯಿಂದ ಆ ತಟ್ಟೆ ಎಲ್ಲಿದೆ ಎಂದು ಕಣ್ಣು ಹುಡುಕುತ್ತದೆ.

ನಿನ್ನ ತಮ್ಮ


ಮೇ 5

ತಮ್ಮಾ,

ಬೈಯಲ್ಲ. ಶಕ್ತಿ ಇಲ್ಲ.

ಇವತ್ತು ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟೆ. ನಿನ್ನ ಭಾವ ರಜೆ ಹಾಕಿ ಬಂದರು. ಪುಟ್ಟಿ ಹೊರಗೆ ಬೆಂಚಿನ ಮೇಲೆ ಗಂಡನ ಕೈ ಹಿಡಿದು ಕೂತಿದ್ದಳು. ಒಳಗೆ ಒಬ್ಬ ಹುಡುಗಿ, ಪುಟ್ಟಿಗಿಂತ ನಾಲ್ಕೈದು ವರ್ಷ ದೊಡ್ಡವಳು, ಒಂದೂವರೆ ಗಂಟೆ ಮಾತಾಡಿದಳು. "ಈಗಲೂ ಬೇಡ ಅನ್ನಬಹುದು, ಫಲಿತಾಂಶ ಬಂದ ಮೇಲೂ ನೋಡೋದು ಬೇಡ ಅನ್ನಬಹುದು" ಅಂತ ಮೂರು ಸಲ ಹೇಳಿದಳು. "ಏನಕ್ಕೆ ತಿಳಿದುಕೊಳ್ಳಬೇಕು ಅನ್ನಿಸ್ತು?" ಅಂತ ಕೇಳಿದಳು. ಮಗಳಿಗೋಸ್ಕರ ಅಂತ ಹೇಳೋದಕ್ಕೆ ಹೋದೆ. ಬಾಯಿಂದ ಬಂದದ್ದು, "ನನ್ನ ತಮ್ಮ ಒಬ್ಬನೇ ತಿಳ್ಕೊಂಡು ಕೂತಿದಾನೆ" ಅಂತ.

ಏಳು ವಾರ ಬೇಕಂತೆ. ಅಲ್ಲಿಯವರೆಗೆ ಬರೆಯಲ್ಲ. ಬರೆದರೆ ಬರೀ ಅದೇ ಬರೆಯುತ್ತೇನೆ.

ಅಕ್ಕ


ಜೂನ್ 23

ತಮ್ಮಾ,

ನನಗೆ ಇಲ್ಲ.

ಆ ಹುಡುಗಿ ಲಕೋಟೆ ಒಡೆದು ಒಂದೇ ವಾಕ್ಯದಲ್ಲಿ ಹೇಳಿಬಿಟ್ಟಳು. ಪುಟ್ಟಿ ಅಳುತ್ತಾ ನಗುತ್ತಾ ನನ್ನ ಕುತ್ತಿಗೆಗೆ ಜೋತುಬಿದ್ದಳು. ನಿನ್ನ ಭಾವ ಎದ್ದು ಹೋಗಿ ಗೋಡೆಯ ಮೇಲಿದ್ದ ಬೆಂಕಿ ಆರಿಸುವ ಸೂಚನೆಯನ್ನು ಬಹಳ ಹೊತ್ತು ಓದಿದರು. ನಾನು "ಸರಿ" ಅಂದೆ. ಅಂಗಡಿಗೆ ಬಂದೆ. ಮೂರು ಫ್ರೇಮಿಗೆ ಗಾಜು ಕೂರಿಸಿದೆ. ಎಡ ಎಡಕ್ಕೆ, ಬಲ ಬಲಕ್ಕೆ.

ಎಲ್ಲರೂ ನನ್ನ ಮುಖದಲ್ಲಿ ಖುಷಿ ಹುಡುಕುತ್ತಿದ್ದಾರೆ. ಖುಷಿ ಇದೆ, ಪುಟ್ಟಿಗಾಗಿ. ನನಗಾಗಿ ಹುಡುಕಿದರೆ ಸಿಗುತ್ತಿಲ್ಲ. ಅರ್ಧಕ್ಕರ್ಧ ಅಂದೆಯಲ್ಲ. ಇಬ್ಬರು ಮಕ್ಕಳು, ಒಬ್ಬರಿಗೆ ಬಂತು, ಒಬ್ಬರಿಗೆ ಇಲ್ಲ. ನಾನು ಬಿಟ್ಟದ್ದು ನಿನಗೆ ಬಂತು ಅಂತ ಅನ್ನಿಸುತ್ತೆ. ಹಾಗಲ್ಲ, ಒಬ್ಬರದ್ದಕ್ಕೂ ಇನ್ನೊಬ್ಬರದ್ದಕ್ಕೂ ಸಂಬಂಧವೇ ಇಲ್ಲ ಅಂತ ಆ ಹುಡುಗಿ ಬಿಡಿಸಿ ಹೇಳಿದಳು. ತಲೆಗೆ ಹೋಯಿತು. ಕೆಳಗೆ ಇಳಿಯಲಿಲ್ಲ.

ಊಟ ಸರಿಯಾಗಿ ಮಾಡು.

ಅಕ್ಕ


ಜುಲೈ 10

ಅಕ್ಕಾ,

ನಿನ್ನ ಕಾಗದದ ಮೊದಲ ಸಾಲು ಓದಿ ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಮೇಡಂ ಕೋಣೆಯಿಂದ ಓಡಿಬಂದರು, ಏನೋ ಒಡೆದೆ ಅಂದುಕೊಂಡು. ಈ ವರ್ಷ ನನಗೆ ಬಂದ ಅತ್ಯಂತ ಒಳ್ಳೆಯ ಸುದ್ದಿ ಇದು. ಹೊಟ್ಟೆಕಿಚ್ಚು ಇದೆಯಾ ಅಂತ ಪ್ರಾಮಾಣಿಕವಾಗಿ ಹುಡುಕಿ ನೋಡಿದೆ. ಒಂದು ಚಮಚ ಇತ್ತು. ಒಂದು ಸಂಜೆ ನಡೆದು ಬಂದ ಮೇಲೆ ಅದೂ ಹೋಯಿತು. ನಿನ್ನ ಪಾಲಿಗೆ ಅಮ್ಮನ ಹನ್ನೊಂದು ವರ್ಷ ಬಂದಿತ್ತು. ಅದರ ಮೇಲೆ ಇದೂ ಬಂದಿದ್ದರೆ ನಾನು ಯಾರನ್ನೂ ಕ್ಷಮಿಸುತ್ತಿರಲಿಲ್ಲ.

ಇನ್ನೊಂದು ಸುದ್ದಿ. ನಾನು ಹೇಳಿದ್ದ, ಕತ್ತರಿಯ ಮೊಣಕೈ ತಟ್ಟುವಂಥ ಔಷಧಿಯೊಂದನ್ನು ಮನುಷ್ಯರ ಮೇಲೆ ಪರೀಕ್ಷಿಸಲು ಶುರುಮಾಡುತ್ತಿದ್ದಾರೆ. ನನ್ನಂಥವರನ್ನೇ ಕೇಳುತ್ತಿದ್ದಾರೆ, ತಪ್ಪು ಇದ್ದೂ ಇನ್ನೂ ಮರೆವು ಶುರುವಾಗದವರನ್ನು. ನಾಲ್ಕು ವರ್ಷ. ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಅದೇ ಬಣ್ಣದ ಖಾಲಿ ಮಾತ್ರೆ. ಯಾರಿಗೆ ಯಾವುದೆಂದು ಕೊಡುವವರಿಗೂ ಗೊತ್ತಿರುವುದಿಲ್ಲ. ಮತ್ತೆ ಅರ್ಧಕ್ಕರ್ಧ, ನೋಡು! ಫಲಿಸುತ್ತದೆ ಎಂದು ಯಾರೂ ಹೇಳಿಲ್ಲ. ನನ್ನ ಕೋಶಗಳಿದ್ದ ತಟ್ಟೆಯಲ್ಲಿ ಇಂಥದ್ದೇ ಒಂದನ್ನು ಹಾಕಿದಾಗ ಉದ್ದನೆಯ ತುಂಡು ಇಳಿದು ಗಿಡ್ಡದ್ದು ಏರಿತಂತೆ. ಮೇಡಂ ನಕ್ಷೆ ತೋರಿಸಿದರು. ತಟ್ಟೆ ಬೇರೆ, ತಲೆ ಬೇರೆ. ಆದರೂ ಆ ನಕ್ಷೆಯನ್ನು ಮಡಚಿ ಇಟ್ಟುಕೊಂಡಿದ್ದೇನೆ. ಔಷಧಿಯ ಪರೀಕ್ಷೆಗೆ ನನ್ನ ಹೆಸರು ಕೊಟ್ಟಿದ್ದೇನೆ.

ಒಂದು ತೊಡಕಿದೆ. ಸೇರುವವರಿಗೆ ಒಬ್ಬ 'ಜೊತೆಗಾರ' ಬೇಕು. ಹತ್ತಿರದಿಂದ ಬಲ್ಲವರು, ವಾರಕ್ಕೆ ಕನಿಷ್ಠ ಹತ್ತು ಗಂಟೆ ಜೊತೆಗಿರುವವರು. ಆರು ತಿಂಗಳಿಗೊಮ್ಮೆ ಇವನು ಹೇಗಿದ್ದಾನೆ, ಏನು ಮರೆಯುತ್ತಾನೆ ಎಂದು ಫಾರಂ ತುಂಬಬೇಕು. ಮರೆವು ಬಂದವನಿಗೆ ತನ್ನ ಮರೆವು ಕಾಣುವುದಿಲ್ಲವಲ್ಲ, ಅದಕ್ಕೆ. ಇಲ್ಲಿ ನನ್ನ ಪಕ್ಕದ ಮೇಜಿನವನನ್ನು ಕೇಳಬಹುದು ಅಂದುಕೊಂಡಿದ್ದೇನೆ. ಒಳ್ಳೆಯವನು, ಆದರೆ ನನ್ನ ವಿಷಯದಲ್ಲಿ ಕಾಫಿ ಎಷ್ಟು ಕುಡಿಯುತ್ತಾನೆ ಅನ್ನುವುದಕ್ಕಿಂತ ಹೆಚ್ಚು ಗೊತ್ತಿಲ್ಲ.

ಔಷಧಿ ಕೊಡುವ ಆಸ್ಪತ್ರೆಗಳ ಪಟ್ಟಿಯಲ್ಲಿ ನಿಮ್ಮೂರಿನದ್ದೂ ಇದೆ. ಸುಮ್ಮನೆ ಬರೆದೆ. ನಿನ್ನನ್ನು ಕೇಳುತ್ತಿಲ್ಲ. ನಿನ್ನ ಇಪ್ಪತ್ತು, ಮೂವತ್ತು ಎಲ್ಲಾ ಅಮ್ಮನ ಮಂಚದ ಪಕ್ಕ ಕಳೆಯಿತು. ಈಗ ಪುಟ್ಟಿಗೆ ಮಗುವಾಗುತ್ತದೆ, ನೀನು ಅಜ್ಜಿಯಾಗಿ ಆರಾಮಾಗಿರಬೇಕು.

ನಿನ್ನ ತಮ್ಮ


ಆಗಸ್ಟ್ 1

ತಮ್ಮಾ,

'ಸುಮ್ಮನೆ ಬರೆದೆ' ಅಂತ ಬರೆಯೋದಕ್ಕೆ ನಿನಗೆ ಎಷ್ಟು ಹೊತ್ತು ಹಿಡಿಯಿತು? ಆ ಸಾಲಿನಲ್ಲಿ ಎರಡು ಕಡೆ ಹೊಡೆದು ತಿದ್ದಿದ್ದೀಯ.

ಸೋಮವಾರ ಆಸ್ಪತ್ರೆಗೆ ಹೋಗಿದ್ದೆ. ಅದೇ ಹುಡುಗಿ ಸಿಕ್ಕಳು. ನಿನ್ನ ಹೆಸರು ಅವಳ ಪಟ್ಟಿಯಲ್ಲಿ ಇತ್ತು, ಬೇರೆ ಊರಿನ ಸಾಲಿನಲ್ಲಿ. "ಇಲ್ಲಿಗೆ ಬದಲಾಯಿಸಬಹುದಾ?" ಅಂದೆ. "ಅವರೇ ಕೇಳಬೇಕು, ಆದರೆ ಆಗುತ್ತೆ. ಜೊತೆಗಾರರು ಯಾರು?" ಅಂದಳು. "ನಾನು" ಅಂದೆ. ಫಾರಂ ಕೊಟ್ಟಳು. ಇದು ಮಾದರಿ, ಮನೆಗೆ ಒಯ್ದು ಓದಿ ಅಂದಳು. ಓದೋದೇನು, ತುಂಬಿಯೇ ಬಿಟ್ಟೆ. ಉತ್ತರ ಹೇಗಿದೆ ನೋಡು.

ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾರೆಯೇ? ಹೌದು, ಐದನೇ ವಯಸ್ಸಿನಿಂದ.

ವಸ್ತುಗಳನ್ನು ಎಲ್ಲೆಲ್ಲೋ ಇಟ್ಟು ಹುಡುಕುತ್ತಾರೆಯೇ? ಹೌದು, ಮತ್ತು ಅದಕ್ಕೆ ಅಕ್ಕನನ್ನು ಬೈಯುತ್ತಾರೆ.

ಮೊದಲಿಗಿಂತ ಮಂಕಾಗಿದ್ದಾರೆಯೇ, ಜನರಿಂದ ದೂರವಿರುತ್ತಾರೆಯೇ? ಇದಕ್ಕೆ ಬಹಳ ಹೊತ್ತು ಯೋಚಿಸಿ 'ಹೌದು' ಅಂತ ಗುರುತು ಹಾಕಿದೆ. ಕಾರಣ ಕಾಯಿಲೆಯಲ್ಲ ಅಂತ ಪಕ್ಕದಲ್ಲಿ ಬರೆದಿದ್ದೇನೆ. ಪುಟ್ಟಿ ಓದಿ, "ಅಮ್ಮಾ, ಇದು ಪರೀಕ್ಷೆ ಪತ್ರಿಕೆ ಅಲ್ಲ, ಹಿಂಗೆಲ್ಲ ಬರೀಬಾರ್ದು" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಿಜವಾದ ಫಾರಂನಲ್ಲಿ ಸರಿಯಾಗಿ ತುಂಬುತ್ತೇನೆ, ಹೆದರಬೇಡ.

ನೀನು ನನ್ನ ಇಪ್ಪತ್ತು ಮೂವತ್ತರ ಲೆಕ್ಕ ಬರೆದಿದ್ದೀಯ. ಅದನ್ನು ನೀನು ತಪ್ಪು ತಿಳಿದಿದ್ದೀಯ. ಅಮ್ಮನನ್ನು ನೋಡಿಕೊಳ್ಳಬೇಕಾಯಿತಲ್ಲ ಅಂತ ನನಗೆ ಯಾವತ್ತೂ ಸಿಟ್ಟಿರಲಿಲ್ಲ. ಒಬ್ಬಳೇ ನೋಡಿಕೊಳ್ಳಬೇಕಾಯಿತಲ್ಲ ಅಂತ ಸಿಟ್ಟು. ಏನಾಗುತ್ತಿದೆ ಅಂತ ಗೊತ್ತಿಲ್ಲದೆ, ಬೈದು, ಗದರಿಸಿ, ಕತ್ತಲಲ್ಲಿ ತಡಕಾಡಿದ ಹಾಗೆ ನೋಡಿಕೊಂಡೆನಲ್ಲ ಅಂತ ಸಿಟ್ಟು. ಈ ಸಲ ನಿನ್ನ ಭಾವ ಇದ್ದಾರೆ, ಪುಟ್ಟಿ ಇದ್ದಾಳೆ. ಎಲ್ಲಕ್ಕಿಂತ ಮೇಲಾಗಿ ನೀನೇ ಇದ್ದೀಯ. ನಿನಗಿನ್ನೂ ಮೂವತ್ತೆಂಟು. ಇನ್ನೂ ಎಂಟು ವರ್ಷವೋ ಹತ್ತು ವರ್ಷವೋ, ನಿನಗೆ ಏನು ಬೇಕು ಏನು ಬೇಡ ಅಂತ ನೀನೇ ಬಾಯಿಬಿಟ್ಟು ಹೇಳಬಹುದು. ಅಮ್ಮನಿಗೆ ಅದು ಸಿಗಲಿಲ್ಲ. ಔಷಧಿ ಹಿಡಿದರೆ ಹೇಳಬೇಕಾಗಿಯೇ ಬರಲಿಕ್ಕಿಲ್ಲ. ಹಿಡಿಯದಿದ್ದರೆ ನಾನು ಇದ್ದೇನೆ, ನನ್ನ ತಲೆ ಗಟ್ಟಿಯಿದೆ ಅಂತ ಸರ್ಕಾರಿ ಮೊಹರು ಹಾಕಿ ಕೊಟ್ಟಿದ್ದಾರೆ. ಅದನ್ನು ಇಟ್ಟುಕೊಂಡು ಇನ್ನೇನು ಮಾಡಲಿ?

ಆ ಸಂಗೀತದ ಮೇಡಂಗೆ ನೀನೇ ಬೇಡ ಅಂದದ್ದಕ್ಕೆ ಈಗ ಶಕ್ತಿ ಬಂದಿದೆ, ಬೈಯುತ್ತೇನೆ, ಎದುರಿಗೆ ಬಂದ ಮೇಲೆ. "ನಾನು ಇರ್ತೀನಿ" ಅಂದವಳಿಗೆ ಕನಿಷ್ಠ ಒಂದು ಕಾಗದ ಬರಿ. ಇರೋದೂ ಬಿಡೋದೂ ಅವಳ ತೀರ್ಮಾನ. ನನಗೆ ಬರೆದೆಯಲ್ಲ, ನನ್ನ ತೀರ್ಮಾನ ನನ್ನದಾಗಿರಲಿ ಅಂತ. ಅವಳಿಗೊಂದು ನ್ಯಾಯ, ನನಗೊಂದು ನ್ಯಾಯವಾ?

ಅಂಗಡಿಯ ಮೇಲಿನ ಕೋಣೆಯಲ್ಲಿದ್ದ ಹಳೇ ಫ್ರೇಮಿನ ಪೆಟ್ಟಿಗೆಗಳನ್ನು ನಿನ್ನ ಭಾವ ನಿನ್ನೆ ಕೆಳಗಿಳಿಸಿದರು. ನಾನು ಹೇಳಿರಲಿಲ್ಲ. ಸುಮ್ಮನೆ ಜಾಗ ಖಾಲಿ ಮಾಡಿದೆ ಅಂದರು. ಈ ಮನೆಯಲ್ಲಿ ಗಂಡಸರೆಲ್ಲ ಎಲ್ಲವನ್ನೂ ಸುಮ್ಮನೆ ಮಾಡುತ್ತಾರೆ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಅಳೆಯೋರಿಗೆ ಕೆಲಸ ಇರುತ್ತಾ ಅಂತ ಆ ಹುಡುಗಿಯನ್ನು ಕೇಳಿದೆ. ಇರುತ್ತೆ, ಅರ್ಜಿ ಹಾಕಲಿ ಅಂದಳು.

ಫಾರಂನ ಕೊನೆಯ ಪ್ರಶ್ನೆ: ನೀವು ಇವರೊಂದಿಗೆ ವಾರಕ್ಕೆ ಎಷ್ಟು ಗಂಟೆ ಕಳೆಯುತ್ತೀರಿ?

ಮಾದರಿಯಾದರೂ ಪೆನ್ಸಿಲ್ಲಿನಲ್ಲಿ ಬರೆಯಲಿಲ್ಲ. 'ಹತ್ತಕ್ಕಿಂತ ಹೆಚ್ಚು' ಅಂತ ಪೆನ್ನಿನಲ್ಲೇ ಬರೆದಿದ್ದೇನೆ. ನಿಜವಾದ ಫಾರಂ ಹದಿನೆಂಟಕ್ಕೆ ಕೊಡಬೇಕು, ಕೆಳಗೆ ನನ್ನ ಸಹಿ ಇರುತ್ತೆ. ಅಷ್ಟರೊಳಗೆ ಬಂದು ನಿನ್ನ ಅಕ್ಕನ ಮಾತು ಉಳಿಸು.

ಅಕ್ಕ